ಕಳಚಬೇಡಿ ಎಂದು ನಾನೇ ಬರೆದಿದ್ದೆ

ಕೊರೊನಾ ಕಾಟ ತಗ್ಗಿದ ಮರುವರ್ಷ. ಪೊನ್ನಂಪೇಟೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಆಗ ಹದಿನೆಂಟು ವರ್ಷ, ನನಗೆ ನಲವತ್ತೇಳು. ದಿನಕ್ಕೆ ಹತ್ತು ಜನರ ಕಂಪ್ಯೂಟರ್ ನೋಡಿ ಸುಸ್ತಾಗಿ ಮನೆಗೆ ಹೋದರೂ, ಹನ್ನೊಂದನೆಯವರದ್ದು ಕೆಟ್ಟರೆ ಏನು ಗತಿ ಎಂದು ಚಿಂತಿಸುವವನು ನಾನು. ಅಂಗಡಿಯ ಬೀಗವನ್ನು ಮೂರು ಸಲ ಎಳೆದು ನೋಡದೆ ಹೊರಟವನಲ್ಲ. ಇದೇ ಸ್ವಭಾವ ಒಬ್ಬರ ಹನ್ನೊಂದು ವರ್ಷದ ಕೆಲಸವನ್ನು ಮುಳುಗಿಸುವುದರಲ್ಲಿತ್ತು.

ಹುದಿಕೇರಿಯ ಬೊಳ್ಳಮ್ಮ ಆಂಟಿ ನಿವೃತ್ತ ಶಿಕ್ಷಕಿ. ಊರೂರಿನ ಹಿರಿಯರ ಮನೆಗೆ ಹೋಗಿ, ಅವರು ದುಡಿ ಬಾರಿಸುತ್ತ ಹಾಡುವ ಹಳೆಯ ಕೊಡವ ಹಾಡುಗಳನ್ನು ರೆಕಾರ್ಡ್ ಮಾಡಿ ಮನೆಯ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಹಾಡಿದವರಲ್ಲಿ ಹೆಚ್ಚಿನವರು ಆಗಲೇ ತೀರಿಕೊಂಡಿದ್ದರು. ಅವರ ದನಿ ಉಳಿದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

ಇದು ನನಗೆ ತಿಳಿದದ್ದು ಅದಕ್ಕೂ ಮೂರು ವರ್ಷ ಹಿಂದೆ. ತಿಳಿದ ಮೇಲೆ ಸಮಾಧಾನವೆಲ್ಲಿ? ರಕ್ಷಣೆಯನ್ನು ಪದರ ಪದರವಾಗಿ ಹೇರಿದೆ. ಹೊರಗಿನಿಂದ ನುಗ್ಗುವವರನ್ನು ತಡೆಯಲು ಫೈರ್‌ವಾಲ್, ವೈರಸ್ ಹಿಡಿಯಲು ಆಂಟಿವೈರಸ್. ಒಂದು ಸಾಲದೇನೋ ಅನ್ನಿಸಿ ಇನ್ನೊಂದು ಕಂಪನಿಯ ಆಂಟಿವೈರಸ್. ಎರಡನ್ನು ಒಟ್ಟಿಗೆ ಹಾಕಬೇಡಿ, ಒಂದನ್ನೊಂದು ಕಳ್ಳನೆಂದು ತಿಳಿದು ಕಚ್ಚಾಡುತ್ತವೆ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವನೂ ನಾನೇ. ಕೊನೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ, ದಿನವೂ ಹಾಡುಗಳ ನಕಲು ತಾನಾಗಿ ಅದಕ್ಕೆ ಹೋಗುವಂತೆ ಮಾಡಿದೆ. ವಯರಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ 'ಕಳಚಬೇಡಿ' ಎಂದು ಬರೆದೆ.

"ಇದು ಎಂತಕ್ಕೆ?" ಎಂದರು ಆಂಟಿ.

"ಬೇರೆಲ್ಲ ಕೈಕೊಟ್ಟರೂ ಹಾಡುಗಳನ್ನು ಕಾಯೋದು ಇದೇ ಆಂಟಿ."

ಮೂರು ವರ್ಷ ಏನೂ ಆಗಲಿಲ್ಲ. ಆಮೇಲೆ ಆ ವರ್ಷ, ಕೊಡವರು ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಎರಡು ದಿನ ಇರುವಾಗ ಬೆಳಿಗ್ಗೆ ಫೋನ್ ಬಂತು. "ದಿನೇಶ, ಒಂದು ಹಾಡೂ ಓಪನ್ ಆಗ್ತಿಲ್ಲ. ಸ್ಕ್ರೀನಲ್ಲಿ ಇಂಗ್ಲಿಷಲ್ಲಿ ಎಂತದೋ ಹೆದರಿಸ್ತಾ ಉಂಟು."

ರ್‍ಯಾನ್ಸಮ್‌ವೇರ್. ಫೈಲುಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಹಣ ಕೇಳುವ ಪ್ರೋಗ್ರಾಂ. ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕನ್ನೂ ಅದು ಬಿಡುವುದಿಲ್ಲ. ಹುದಿಕೇರಿಯವರೆಗೂ ಸ್ಕೂಟರಿನ ಮೇಲೆ ನನ್ನ ಕಣ್ಣೆದುರು ಇದ್ದದ್ದು ನನ್ನದೇ ಅಕ್ಷರದ 'ಕಳಚಬೇಡಿ'.

ಆಂಟಿಯ ಗಂಡ ಕುಟ್ಟಪ್ಪ ಅಂಕಲ್ ಅಂಗಳದಲ್ಲೇ ತಪ್ಪೊಪ್ಪಿಕೊಂಡರು. "ನಿನ್ನೆ ರಾತ್ರಿ ಹಾಕಿ ಮ್ಯಾಚ್ ನಿಂತು ನಿಂತು ಬರ್ತಿತ್ತು ಮಾರಾಯ. ನಿನ್ನ ಆ ಎರಡು ನಾಯಿಗಳನ್ನೂ ಆಫ್ ಮಾಡಿದೆ. ಯಾವುದೋ ಪ್ಲೇಯರ್ ಇನ್‌ಸ್ಟಾಲ್ ಮಾಡಿ ಅಂತು, ಮಾಡಿದೆ."

"ಮ್ಯಾಚಾದರೂ ಕಂಡಿತಾ ಅಂಕಲ್?"

"ಎಲ್ಲಿ! ಅದೂ ಇಲ್ಲ."

ಬೈಯುವ ಹಕ್ಕು ನನಗಿರಲಿಲ್ಲ. ಎರಡೆರಡು ಆಂಟಿವೈರಸ್ ಹೇರಿ ಕಂಪ್ಯೂಟರನ್ನು ಆಮೆ ಮಾಡಿಟ್ಟವನು ನಾನು. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ಹಾರ್ಡ್ ಡಿಸ್ಕೇ ಇಲ್ಲ.

"ದೇವರ ಕೋಣೇಲಿ ಉಂಟು," ಎಂದರು ಆಂಟಿ.

ಹಬ್ಬಕ್ಕೆ ಮುಂಚೆ ಆ ಮನೆಯಲ್ಲಿ ಕೋವಿ, ಕತ್ತಿಗಳನ್ನು ಒರೆಸಿ ದೇವರ ಕೋಣೆಯಲ್ಲಿ ಇಡುತ್ತಾರೆ. ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಎರಡು ಕೋವಿಗಳ ನಡುವೆ ಆ ಕಪ್ಪು ಡಬ್ಬಿ ಗಂಧದ ಬೊಟ್ಟು ಇಟ್ಟುಕೊಂಡು ಕೂತಿತ್ತು.

"ಕಳಚಬೇಡಿ ಅಂತ ಬರೆದಿದ್ದೆನಲ್ಲ ಆಂಟಿ..."

"ಹಾಡು ಕಾಯೋದು ಇದೇ ಅಂತಲೂ ನೀನೇ ಹೇಳಿದ್ದಲ್ವಾ? ಕಾಯೋದಕ್ಕೆಲ್ಲ ಈ ಮನೇಲಿ ವರ್ಷಕ್ಕೊಂದು ಪೂಜೆ ಉಂಟು. ಪ್ರತಿ ವರ್ಷ ಇಡ್ತೇನೆ. ಈ ಸಲ ಹೋದ ವಾರವೇ ಇಟ್ಟೆ."

"ಈಗ ಕೊಡಿ, ಒಮ್ಮೆ ನೋಡಿಬಿಡ್ತೇನೆ."

"ಪೂಜೆ ಆಗಲಿ."

ಆ ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಗಂಧದ ನೀರು ಡಿಸ್ಕಿನೊಳಗೆ ಇಳಿದಿದ್ದರೆ? ಅದಕ್ಕಿಂತ ದೊಡ್ಡ ಚಿಂತೆಯನ್ನು ಆಂಟಿಗೆ ಹೇಳಿರಲಿಲ್ಲ. ಮೂರು ವರ್ಷದಲ್ಲಿ ಅದರೊಳಗಿನ ಒಂದೇ ಒಂದು ನಕಲನ್ನೂ ನಾನು ತೆರೆದು ಕೇಳಿರಲಿಲ್ಲ. ಬೀಗವನ್ನು ಮೂರು ಸಲ ಎಳೆಯುವವನು ಇದನ್ನು ಒಮ್ಮೆಯೂ ನೋಡಿರಲಿಲ್ಲ.

ಹಬ್ಬದ ದಿನ ನನ್ನ ಲ್ಯಾಪ್‌ಟಾಪ್ ಹೊತ್ತು ಹೋದೆ. ಪೂಜೆ ಮುಗಿಸಿ ಅಂಕಲ್ ಕೋವಿ ಹಿಡಿದು ಹಬ್ಬದ ರೂಢಿಯಂತೆ ತೆಂಗಿನಕಾಯಿಗೆ ಗುರಿಯಿಡಲು ಹೊರಗೆ ನಡೆದರು. ಆಂಟಿ ಡಿಸ್ಕನ್ನು ಎರಡೂ ಕೈಯಲ್ಲಿ ತಂದುಕೊಟ್ಟರು. ಸಿಕ್ಕಿಸಿ ಮೊದಲ ಫೈಲನ್ನು ಒತ್ತಿದೆ. ಒಂದು ಕೆಮ್ಮು. "ಶುರುವಾಯ್ತಾ?" ಎಂದು ಮುದಿದನಿಯ ಪ್ರಶ್ನೆ. ಆಮೇಲೆ ದುಡಿ.

"ನನ್ನ ಮಾವ," ಎಂದು ಆಂಟಿ ಅಲ್ಲೇ ಕುರ್ಚಿ ಎಳೆದು ಕೂತರು. ಹಾಡನ್ನು ಕೊನೆಯವರೆಗೆ ಕೇಳಿದೆವು.

ಡಿಸ್ಕ್ ಕಳಚಿದ ಮೇಲೆ ನಾಪೋಕ್ಲಿನ ಒಬ್ಬ ಅಜ್ಜಿಯಿಂದ ರೆಕಾರ್ಡ್ ಮಾಡಿದ್ದ ಒಂದು ಹಾಡು ಮಾತ್ರ ಹೋಯಿತು. ಮುಂದಿನ ವಾರ ಆಂಟಿ ಬಸ್ಸು ಹತ್ತಿ ಮತ್ತೆ ಹೋದರು. "ಹೋದ ಸಲ ಚೆನ್ನಾಗಿ ಬರಲಿಲ್ವಾ?" ಎಂದು ಅಜ್ಜಿ ಬೇಜಾರು ಮಾಡಿಕೊಂಡರಂತೆ.

ಈಗ ಯಾರ ಮನೆಯ ಕಂಪ್ಯೂಟರಿಗೂ ನಾನು ಹಾಕುವುದು ಒಂದೇ ಆಂಟಿವೈರಸ್. ನನ್ನ ಭಯ ತಗ್ಗಿಸಲು ಹೇರಿದ ಪದರಗಳು ಆಂಟಿ ಮನೆಯವರ ತಾಳ್ಮೆಯನ್ನೇ ತಿಂದಿದ್ದವು. ತಾಳ್ಮೆ ಮುಗಿದವರು ಎಲ್ಲವನ್ನೂ ಒಟ್ಟಿಗೆ ಆಫ್ ಮಾಡುತ್ತಾರೆ ಎಂಬುದನ್ನು ಈ ಕೆಲಸ ನನಗೆ ಹದಿನೆಂಟು ವರ್ಷ ತಡವಾಗಿ ಕಲಿಸಿತು. ನಕಲುಗಳನ್ನು ಆಗಾಗ ತೆರೆದು ಕೇಳುತ್ತೇನೆ. ಅಂಗಡಿಯ ಬೀಗವನ್ನು ಇಂದಿಗೂ ಮೂರು ಸಲ ಎಳೆಯುತ್ತೇನೆ. ಆ ರೋಗಕ್ಕೆ ಮದ್ದಿಲ್ಲ. ಹಾರ್ಡ್ ಡಿಸ್ಕಿನ ವಯರಿಗೆ ಪ್ಲಾಸ್ಟರನ್ನೂ ಅಂಟಿಸುತ್ತೇನೆ. ಅದರ ಮೇಲೆ ಬರೆಯುವುದು ಮಾತ್ರ 'ನಕಲು ಆದಕೂಡಲೇ ಕಳಚಿಡಿ'.