ಅಪ್ಪನಿಗೆ ಹುಷಾರಿಲ್ಲ ಎಂಬ ಸುದ್ದಿ

ಬೆಳಿಗ್ಗೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದಾಗ ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

"ನಿಮ್ ತಮ್ಮ ಫೋನ್ ಮಾಡಿದ್ರು ಕಣಮ್ಮ. ಅಪ್ಪಂಗೆ ತುಂಬಾ ಹುಷಾರಿಲ್ವಂತೆ. ಹೊರಟು ಬರ್ಬೇಕಂತೆ."

ಹೇಳಿ ನನ್ನ ಕೈ ಹಿಡಿದುಕೊಂಡರು. ಅಪ್ಪ ಹೋಗಿಬಿಟ್ಟಿದ್ದಾರೆ ಅಂತ ಆಗಲೇ ನನಗೆ ಗೊತ್ತಾಯಿತು. ಗೊತ್ತಾಯಿತು ಅಂದುಕೊಂಡೆ...

ಅದು ತೊಂಬತ್ತರ ದಶಕದ ಕೊನೆ. ಬಿಟಿಎಂ ಲೇಔಟಿನ ಆ ಬಾಡಿಗೆ ಮನೆಯಲ್ಲಿ ನಮಗೆ ಫೋನ್ ಇರಲಿಲ್ಲ. ಊರಿನವರಿಗೆಲ್ಲ ಕೆಳಗಿನ ಮನೆಯ ಆಂಟಿಯ ನಂಬರನ್ನೇ ಕೊಟ್ಟಿದ್ದೆವು.

ನಮ್ಮಲ್ಲಿ ದೂರ ಇರುವವರಿಗೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂಬ ಕಾಳಜಿ. ಹುಷಾರಿಲ್ಲ, ಬಾ ಅನ್ನುತ್ತಾರೆ.

ಅಜ್ಜಿ ಹೋದಾಗಲೂ ಹಾಗೇ ಹೇಳಿದ್ದರು. ನಾನು ನಂಬಿ, ಹಾರ್ಲಿಕ್ಸ್ ಬಾಟಲಿ ಹಿಡಿದುಕೊಂಡು ಓಡಿದ್ದೆ. ನಡುಮನೆಯಲ್ಲಿ ಅಜ್ಜಿಯನ್ನು ಮಲಗಿಸಿದ್ದರು, ಬಂದವರೆಲ್ಲ ನನ್ನ ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತಿದ್ದರು.

ಈ ಸಲ ನಾನು ಏನೂ ಕೊಳ್ಳಲಿಲ್ಲ.

ಮೂಲೆಯ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದೆ. ಅಲ್ಲಿಯೂ ಫೋನ್ ಇದ್ದದ್ದು ತಮ್ಮನ ಮನೆ ಪಕ್ಕದ ಮೆಡಿಕಲ್ ಶಾಪಿನಲ್ಲಿ. ಬದುಕಿದ್ದಾರಾ ಅಂತ ಕೇಳಬೇಕಿತ್ತು. ಇಂಗ್ಲಿಷಿನಲ್ಲಾದರೆ ಕೇಳುತ್ತಿದ್ದೆನೋ ಏನೋ. ಅಪ್ಪನ ಬಗ್ಗೆ ಕನ್ನಡದಲ್ಲಿ ಆ ಮಾತು ಬಾಯಿಗೆ ಬರಲಿಲ್ಲ. ಹೇಗಿದ್ದಾರೆ ಅಂತ ಮಾತ್ರ ಕೇಳಿದೆ.

ಅಂಗಡಿಯವರು, "ಬನ್ನಿ ಮೇಡಂ, ಬಂದ್ಮೇಲೆ ಗೊತ್ತಾಗುತ್ತೆ" ಅಂದರು.

ಇನ್ನೇನು ಉಳಿದಿದೆ ಅನ್ನಿಸಿತು. ಆಫೀಸಿನಲ್ಲಿದ್ದ ಗಂಡನಿಗೆ ತಿಳಿಸಿದೆ. ಅವರೂ ಹಾಗೇ ಅರ್ಥ ಮಾಡಿಕೊಂಡರು. ಒಬ್ಬಳೇ ಹೊರಡಬೇಡ, ಬರ್ತೀನಿ, ಒಟ್ಟಿಗೆ ಹೋಗೋಣ ಅಂದರು.

ಕಾಯುತ್ತಾ ಕೂತೆ. ಆಂಟಿ ಅನ್ನ ಸಾರು ತಂದಿಟ್ಟು, "ಒಂದು ತುತ್ತು ತಿನ್ನಮ್ಮ. ಆ ಮನೇಲಿ ಇನ್ನು ಯಾವಾಗ ಒಲೆ ಹಚ್ತಾರೋ" ಅಂದರು. ತಿಂದೆ. ಸಾವಿನ ಮನೆಗೆಂದು ಹಳೆಯದೊಂದು ಕಾಟನ್ ಸೀರೆ ಹುಡುಕಿ ಉಟ್ಟೆ. ಮಧ್ಯಾಹ್ನ ಗಂಡ ಬಂದ ಮೇಲೆ ಹೊರಟೆವು. ಬಸ್ಸಿನ ಕಿಟಕಿ ಪಕ್ಕ ಕೂತು, ಬದುಕಿರುವ ಅಪ್ಪನಿಗಾಗಿ ದಾರಿಯುದ್ದಕ್ಕೂ ಅತ್ತೆ.

ಅರಸೀಕೆರೆ ತಲುಪಿದಾಗ ಸಂಜೆ ಕತ್ತಲಾಗಿತ್ತು. ತಮ್ಮನ ಮನೆ ಬಾಗಿಲ ಮುಂದೆ, ಸಾವಾದ ಮನೆಗೆ ಹಾಕುವ ಬೆಂಕಿಯನ್ನು ಆಗಷ್ಟೇ ಹಾಕಿದ್ದರು. ಹಸಿ ಸೌದೆ, ಇನ್ನೂ ಸರಿಯಾಗಿ ಹತ್ತಿಕೊಂಡಿರಲಿಲ್ಲ.

ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಹೋದವರಿಗೆ ಈಗ ಯಾಕೆ ಬೆಂಕಿ?

ಅಪ್ಪ ಮಧ್ಯಾಹ್ನವೆಲ್ಲ ಎಚ್ಚರವಾಗೇ ಇದ್ದರು, ಬಸ್ ಬಂತಾ ಬಂತಾ ಅಂತ ಕೇಳ್ತಾನೇ ಇದ್ದರು ಅಂತ ಅಮ್ಮ ಹೇಳುತ್ತಿದ್ದರು. ತಮ್ಮ ಎರಡು ಸಲ ಸ್ಟ್ಯಾಂಡಿಗೆ ಹೋಗಿ ಬಂದಿದ್ದನಂತೆ.

ನೀವೆಲ್ಲ ಯಾವಾಗಲೂ ಹೀಗೇ ಅಲ್ಲವಾ ಹೇಳೋದು ಅಂತ ಅವನನ್ನು ಕೇಳಿದೆ. ಅವನು ನನ್ನ ಹಳೇ ಸೀರೆ ನೋಡಿದ. ಅವನಿಗೆ ಎಲ್ಲ ಗೊತ್ತಾಗಿಹೋಯಿತು.

"ಈ ಸಲ ನಿಜಾನೇ ಹೇಳಿದ್ವಲ್ಲಕ್ಕಾ..."

ಸುಳ್ಳು ಯಾರೂ ಹೇಳಲಿಲ್ಲ, ಮಾತು ತಲುಪಲೂ ಇಲ್ಲ.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಅಮ್ಮ ದಿನಾ ಮಾತಾಡುತ್ತಾರೆ, ಆರಾಮಾಗಿದೀನಿ ಕಣೇ ಅನ್ನುತ್ತಾರೆ. ಫೋನ್ ಇಟ್ಟ ತಕ್ಷಣ ತಮ್ಮನಿಗೆ ಮಾಡುತ್ತೇನೆ. ಹೌದಕ್ಕ, ಆರಾಮಾಗಿದ್ದಾರೆ ಅನ್ನುತ್ತಾನೆ. ಅದನ್ನೂ ನಂಬಲಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಯಾರಾದರೂ ಇದ್ದಾರಾ?