ಚೌಕಿ ಇಲ್ಲದ ಆಟ

ಆ ಕಾಲದಲ್ಲಿ ನಮ್ಮ ಅಪ್ಪಯ್ಯ ಹೆಚ್ಚುಕಮ್ಮಿ ದಿನಾ ಸಾಯುತ್ತಿದ್ದರು. ಯಕ್ಷಗಾನ ಮೇಳವೊಂದರಲ್ಲಿ ಅವರದು ರಾಕ್ಷಸನ ವೇಷ. ಬೆಳಗಿನ ಜಾವಕ್ಕೆ ದೇವರ ಕೈಯಲ್ಲೋ ರಾಜನ ಕೈಯಲ್ಲೋ ಅವರ ವಧೆ ಆಗಲೇಬೇಕು, ಇಲ್ಲದಿದ್ದರೆ ಆಟ ಮುಗಿಯುವುದಿಲ್ಲ. ನಮ್ಮ ತಲ್ಲೂರಿನ ಆಸುಪಾಸು ಎಲ್ಲಿ ಆಟವಿದ್ದರೂ ಅಮ್ಮ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಪುಟ್ಟ ಹುಡುಗಿ ನಾನು, ಚೆಂಡೆಯ ಮೊದಲ ಪೆಟ್ಟಿಗೇ ಚಾಪೆಯ ಮೇಲೆ ಉರುಳಿ ನಿದ್ದೆ ಹೋಗುತ್ತಿದ್ದೆ. ಕೊನೆಗೆ ಅಮ್ಮ ಭುಜ ಅಲುಗಿಸಿ ಎಬ್ಬಿಸುತ್ತಿದ್ದಳು.

"ಏಳ್ ಮಗಾ, ಅಪ್ಪಯ್ಯ ಸಾಯು ಹೊತ್ತಾಯ್ತ್."

ಈಗ ನೆನೆಸಿಕೊಂಡರೆ ಎಂಥ ಮಾತಪ್ಪಾ ಅನಿಸುತ್ತದೆ. ಆಗ ಅದು ಹಾಲು ಕುಡಿ ಅಂದಷ್ಟೇ ಸಹಜ. ಕಣ್ಣುಜ್ಜಿಕೊಂಡು ಎದ್ದು ಕೂತರೆ ಅಪ್ಪಯ್ಯ ಆರ್ಭಟಿಸಿ, ಕುಣಿದು, ಬಾಣ ತಾಗಿದ ಮೇಲೆ ಒಂದು ಸುತ್ತು ತಿರುಗಿ ಸತ್ತು, ತಮ್ಮದೇ ಕಾಲ ಮೇಲೆ ನಡೆದುಕೊಂಡು ಚೌಕಿಗೆ ಹೋಗುತ್ತಿದ್ದರು. ಚೌಕಿ ಅಂದರೆ ರಂಗಸ್ಥಳದ ಹಿಂದೆ ವೇಷ ಕಟ್ಟುವ, ಕಳಚುವ ಜಾಗ. ನಾನು ಅಲ್ಲಿಗೆ ಓಡುತ್ತಿದ್ದೆ. ತೆಂಗಿನೆಣ್ಣೆ, ಬಣ್ಣ, ಬೆವರು, ಬೀಡಿ ಎಲ್ಲ ಸೇರಿದ ವಾಸನೆ ಅಲ್ಲಿ. ಅಪ್ಪಯ್ಯ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಾ, ತಮ್ಮ ಚಾದಲ್ಲಿ ಬಿಸ್ಕಿಟ್ ಅದ್ದಿ ನನ್ನ ಬಾಯಿಗಿಡುತ್ತಿದ್ದರು. ಸತ್ತವರು ಚೌಕಿಗೆ ಹೋಗಿ ಚಾ ಕುಡಿಯುತ್ತಾರೆ. ಸಾವಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಒಂದು ವರ್ಷ ಮರವಂತೆಯ ಕಡಲ ದಂಡೆಗೆ ಸಿನಿಮಾದವರು ಬಂದರು. ಖಳನಾಯಕನ ಗುಂಪಿಗೆ ಎತ್ತರದ, ಅಗಲ ಎದೆಯ ಆಳು ಬೇಕಿತ್ತಂತೆ, ಯಾರೋ ಅಪ್ಪಯ್ಯನನ್ನು ತೋರಿಸಿದರು. ಒಂದು ದಿನ ಹೋಗಿ ಬಂದರು. ಅಮ್ಮ ಆಸೆಯಿಂದ ವಿಚಾರಿಸಿದರೆ, "ಎಂತ ಇಲ್ಲೆ ಮಾರಾಯ್ತಿ, ಹೊಯ್ಗಿ ಮೇಲೆ ಬಿಸ್ಲಂಗೆ ಬಿದ್ಕಂಡದ್ದ್" ಎಂದು, ಮರಳ ಮೇಲೆ ಬಿಸಿಲಲ್ಲಿ ಬಿದ್ದುಕೊಂಡದ್ದನ್ನಷ್ಟೇ ಹೇಳಿ ಮಾತು ಮುಗಿಸಿದರು. ಮೇಳದವರಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ.

ಆ ಸಿನಿಮಾ ಕುಂದಾಪುರದ ಥಿಯೇಟರಿಗೆ ಬಂದಾಗ ಅಪ್ಪಯ್ಯ ಮೇಳದ ಜೊತೆ ತಿರುಗಾಟದಲ್ಲಿದ್ದರು. ಅವರು ಬರುವವರೆಗೆ ಸಿನಿಮಾ ಇರುತ್ತದೆಂದು ಯಾವ ಧೈರ್ಯ? ಅಮ್ಮ ಪಕ್ಕದ ಮನೆಯ ಸುಶೀಲಕ್ಕನನ್ನು ಜೊತೆಗೆ ಹೊರಡಿಸಿ, ತಾನು ಮಲ್ಲಿಗೆ ಮುಡಿದು, ನನ್ನ ಮುಖಕ್ಕೆ ಪೌಡರ್ ಬಳಿದು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, "ಇವ್ಳ ಅಪ್ಪಯ್ಯ ಪರ್ದೆ ಮೇಲೆ ಬತ್ರ್" ಎಂದು ಹೇಳಿದ್ದೇ ಹೇಳಿದ್ದು. ನಾನು ಥಿಯೇಟರಿನ ಮುಖ ಕಂಡದ್ದು ಅದೇ ಮೊದಲು.

ನಡು ಮಧ್ಯಾಹ್ನ ಬಾಗಿಲು ಹಾಕಿ ರಾತ್ರಿ ಮಾಡಿಬಿಟ್ಟರಲ್ಲ, ನನಗೆ ಅಲ್ಲೇ ಎದೆ ಹಾರಿತು. ಆಮೇಲೆ ನಮ್ಮ ಕೊಟ್ಟಿಗೆಯಷ್ಟು ದೊಡ್ಡ ಮುಖವೊಂದು ಎದುರಿಗೆ ಬಂದು ನಕ್ಕಿತು. ನಾನು ಕುರ್ಚಿಯ ಕೆಳಗೆ ಜಾರಿದೆ.

"ಅಮ್ಮಾ, ಇಷ್ಟ್ ದೊಡ್ಡ ಜನ ಎಲ್ಲಿದ್ರ್?"

"ಬಾಯಿ ಮುಚ್ಕಂಡ್ ಕೂಕೋ. ಅಪ್ಪಯ್ಯ ಬಪ್ಪು ಹೊತ್ತಾಯ್ತ್."

ಬಂದರು. ಕಿರೀಟವಿಲ್ಲ, ಬಣ್ಣವಿಲ್ಲ, ಮನೆಯಲ್ಲಿ ಉಡುವಂಥದೇ ಲುಂಗಿ. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅಪ್ಪಯ್ಯ ಒಂದೇ ಒಂದು ಮಾತೂ ಆಡುವ ಮೊದಲೇ ನಾಯಕ ಓಡಿ ಬಂದು ಅವರ ಹೊಟ್ಟೆಗೆ ಚೂರಿ ಹಾಕಿದ. ಅಂಗಿ ಕೆಂಪಾಯಿತು. ಅಪ್ಪಯ್ಯ ಮೊಣಕಾಲೂರಿ, ಹೊಯ್ಗೆಯ ಮೇಲೆ ಮಗುಚಿಬಿದ್ದರು. ಕಣ್ಣು ತೆರೆದೇ ಇತ್ತು. ಒಂದು ತೆರೆ ಬಂದು ಅವರ ಕೂದಲು ಒದ್ದೆ ಮಾಡಿ ಹೋಯಿತು.

"ಅಯ್ಯೋ ದೇವ್ರೇ!" ಎಂದು ಅಮ್ಮ ಕೂಗಿದಳು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಸುಶೀಲಕ್ಕ ನಗು ತಡೆಯಲಾರದೆ, "ಎಂತ ಮಾರಾಯ್ತಿ, ನಿನ್ನ ಗಂಡ ದಿನಾ ಸಾಯುದಲ್ದಾ?" ಎಂದಳು. ಅಮ್ಮ ನಗಲಿಲ್ಲ. ಅವಳ ಕೈ ಕರಿಮಣಿಯನ್ನು ಹಿಡಿದುಕೊಂಡಿತ್ತು.

ನಾನು ಅಪ್ಪಯ್ಯ ಎದ್ದು ನಡೆಯುವುದನ್ನೇ ಕಾದೆ. ಅವರು ಏಳಲಿಲ್ಲ. ಬಣ್ಣವಿಲ್ಲದ ಸ್ವಂತ ಮುಖದಲ್ಲಿ ಅಪ್ಪಯ್ಯ ಸತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಸತ್ತು ಅಲ್ಲೇ ಬಿದ್ದದ್ದನ್ನಂತೂ ಇಲ್ಲವೇ ಇಲ್ಲ. ಅವರನ್ನು ಕಡಲ ದಂಡೆಯಲ್ಲೇ ಬಿಟ್ಟು ಉಳಿದವರೆಲ್ಲ ಯಾವುದೋ ಹೂದೋಟಕ್ಕೆ ಹೋಗಿ ಕುಣಿಯತೊಡಗಿದರು. ಇವರಿಗೆಲ್ಲ ಎಂಥ ಮನಸ್ಸು ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಒಂದು ಸಮಾಧಾನವಿತ್ತು. ಇಷ್ಟು ಹೊತ್ತಿಗೆ ಅಪ್ಪಯ್ಯ ಎದ್ದು ಚೌಕಿಯಲ್ಲಿ ಕೂತಿರುತ್ತಾರೆ, ನಾನು ಅಲ್ಲಿಗೆ ಹೋದರಾಯಿತು.

ವಿರಾಮಕ್ಕೆ ದೀಪ ಹತ್ತಿದ್ದೇ ತಡ, ಗೋಳಿಬಜೆ ಮಾರುವವರ ಕೂಗಿನ ನಡುವೆ ನುಸುಳಿ ಓಡಿದೆ. ಪರದೆಯ ಬದಿಯಲ್ಲಿ ಒಂದು ಕಿರಿದಾದ ಓಣಿ ಇತ್ತು. ಒಳಗೆ ಹೋದೆ. ಮುರಿದ ಕುರ್ಚಿಗಳು, ಜೇಡರ ಬಲೆ, ನನಗಿಂತ ಎತ್ತರದ ಒಂದು ಪೆಟ್ಟಿಗೆ, ಅದರಿಂದ ಯಾವುದೋ ಹೆಂಗಸಿನ ಹಾಡು. ಆಮೇಲೆ ಗೋಡೆ. ಗೋಡೆಗೆ ಬಾಗಿಲೂ ಇರಲಿಲ್ಲ. ಎಣ್ಣೆಯ ವಾಸನೆ ಇಲ್ಲ, ಚಾ ಇಲ್ಲ, ಯಾರೂ ಇಲ್ಲ.

"ಹ್ವಾಯ್! ಯಾರ್ ಹೆಣ್ಣಿದ್?"

ಟಾರ್ಚ್ ಹಿಡಿದುಕೊಂಡು ಗೇಟಿನಾತ ಬಂದಿದ್ದ.

"ಚೌಕಿ ಎಲ್ಲಿತ್ತ್?" ಎಂದೆ.

"ಚೌಕಿಯಾ? ಇಲ್ಲಿ ಎಂತ ಚೌಕಿಯೂ ಇಲ್ಲೆ."

"ಮತ್ತೆ ಸತ್ತವ್ರ್ ಎಲ್ಲಿಗ್ ಹೋತ್ರ್?"

ಪಾಪ, ಅವನಿಗೇನು ಗೊತ್ತು. ನಗುತ್ತಾ, "ಸತ್ತವ್ರ್ ಎಲ್ಲಿಗೂ ಹೋತಿಲ್ಲೆ ಮಗಾ. ಸತ್ರೆ ಸತ್ತ ಹಂಗೇ" ಎಂದ.

ನನ್ನನ್ನು ಅಮ್ಮನ ಬಳಿ ತಂದು ಬಿಟ್ಟಾಗ ನಾನು ಅಳಲಿಲ್ಲ. ಅತ್ತಿದ್ದರೆ ಅವಳಿಗೂ ಸುಲಭವಾಗುತ್ತಿತ್ತೇನೋ. ಸುಶೀಲಕ್ಕ ಕೊಟ್ಟ ಗೋಳಿಬಜೆ ಕೈಯಲ್ಲೇ ತಣ್ಣಗಾಯಿತು. "ಅಪ್ಪಯ್ಯ ವಂಡ್ಸೆಯಂಗಿದ್ರ್ ಮಗಾ, ಇವತ್ತ್ ಮೇಳ ಅಲ್ಲಿ" ಎಂದು ಅಮ್ಮ ಹೇಳಿದಳು, ಮತ್ತೊಮ್ಮೆ ಹೇಳಿದಳು. ನನ್ನ ಕಿವಿಗೆ ಬೀಳಲಿಲ್ಲ. ನಾನು ನೋಡಿ ಬಂದಿದ್ದೆನಲ್ಲ, ಅಲ್ಲಿ ಗೋಡೆ ಇತ್ತು.

ಅಮ್ಮ ಎದ್ದು ನಿಂತಳು. "ನಾವ್ ವಂಡ್ಸೆಗ್ ಹೋಪ."

"ಹುಚ್ಚಾ ನಿಂಗೆ? ಅರ್ಧ ಸಿನಿಮಾ ಇತ್ತ್" ಎಂದು ಸುಶೀಲಕ್ಕ ಬೈದಳು. ಅವಳನ್ನು ಅಲ್ಲೇ ಬಿಟ್ಟು ನಾವು ಬಸ್ಸು ಹತ್ತಿದೆವು. ತಲ್ಲೂರು ಬಂತು, ನಮ್ಮ ಮನೆಯ ದಾರಿ ಬಂತು, ಇಳಿಯಲಿಲ್ಲ. ಬಸ್ಸಿನಲ್ಲಿ ಅಮ್ಮ ನನ್ನನ್ನು ಸಮಾಧಾನ ಮಾಡಲಿಲ್ಲ. ನನ್ನ ಕೈ ನೋಯುವಷ್ಟು ಬಿಗಿಯಾಗಿ ಹಿಡಿದು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಮದುವೆಯಾದಂದಿನಿಂದ ಗಂಡ ಸಾಯುವುದನ್ನು ನೋಡಿದವಳು, ಆದರೆ ಗಂಡನದೇ ಮುಖದಲ್ಲಿ ಅವಳೂ ನೋಡಿರಲಿಲ್ಲ.

ವಂಡ್ಸೆಯ ಗದ್ದೆಯಲ್ಲಿ ಮೇಳದ ಡೇರೆ ಕಟ್ಟಿತ್ತು. ಇನ್ನೂ ಬೆಳಕಿತ್ತು. ಚೌಕಿಯೊಳಗೆ ಹೋದರೆ ವೇಷದ ಪೆಟ್ಟಿಗೆಗಳ ನಡುವೆ ಚಾಪೆಯ ಮೇಲೆ ಅಪ್ಪಯ್ಯ ಅಂಗಾತ ಮಲಗಿದ್ದರು. ಮುಖದ ಮೇಲೆ ಬಿಳಿ ಬೈರಾಸ, ಅವರ ಹೆಗಲ ವಸ್ತ್ರ, ಹರಡಿತ್ತು. ಅಲುಗಾಟವಿಲ್ಲ.

ನೊಣ ಕೂರದಿರಲೆಂದು ಅವರು ಯಾವಾಗಲೂ ಹಾಗೆಯೇ ಮಲಗುವುದು. ಅಮ್ಮನಿಗೆ ಅದು ಚೆನ್ನಾಗಿ ಗೊತ್ತು. ಆದರೂ ಅವಳು ನಿಂತಲ್ಲೇ ನಿಂತಳು, ಒಂದು ಹೆಜ್ಜೆಯೂ ಮುಂದಿಡಲಿಲ್ಲ. ಕೊನೆಗೆ ನಾನೇ ಹೋಗಿ ಬೈರಾಸ ಎಳೆದೆ.

ಅಪ್ಪಯ್ಯ ಕಣ್ಣು ಬಿಟ್ಟರು. "ಎಂತ ಮಗಾ?"

ಆಗ ನಾನು ಅತ್ತ ಅಳು ಇಡೀ ಡೇರೆಗೆ ಕೇಳಿಸಿರಬೇಕು. ಅಮ್ಮನೂ ನೆಲಕ್ಕೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಗತಿ ತಿಳಿದ ಮೇಲೆ ಅಪ್ಪಯ್ಯ ನಗಲಿಲ್ಲ. ಬನಿಯನ್ ಮೇಲೆತ್ತಿ ಹೊಟ್ಟೆ ತೋರಿಸಿದರು. ನಾನು ಕೈಯಿಂದ ಸವರಿ ಸವರಿ ನೋಡಿದೆ. ತೂತಿರಲಿಲ್ಲ.

"ನಾನ್ ಸತ್ತ ಕೂಡ್ಲೆ ಎದ್ದ್ ಹೊರಟಿದ್ದೆ ಮಗಾ, ನಮ್ಮ ಆಟದ ಹಂಗೇ" ಎಂದರು ಅಪ್ಪಯ್ಯ. "ಅವ್ರ್ ಬೊಬ್ಬೆ ಹೊಡ್ದ್ರ್. ಸತ್ತವ ಹ್ಯಾಂಗ್ ನಡೀತ, ಬಿದ್ದಲ್ಲೇ ಬಿದ್ಕಣಿ ಅಂದ್ರ್. ಮತ್ತೆ ಸಾಯ್ಸಿದ್ರ್. ಎಂತ ಮಾಡುದ್?"

"ಅಲ್ಲಿ ಚೌಕಿಯೇ ಇಲ್ಲೆ" ಎಂದೆ ಬಿಕ್ಕುತ್ತಾ.

"ಇಲ್ದಿರೆ ಇಲ್ಲೆ. ನಾನ್ ಎಲ್ಲಿ ಸತ್ರೂ ಚೌಕಿಗೆ ಬತ್ತೆ. ನೀನ್ ಇಲ್ಲಿ ಬಂದ್ ಕಾಣ್." ಹಾಗೆಂದು ಚಾ ತರಿಸಿ, ಬಿಸ್ಕಿಟ್ ಅದ್ದಿ ನನಗೆ ಕೊಟ್ಟರು. ಆ ದಿನ ಅಮ್ಮನಿಗೂ ಒಂದು ಅದ್ದಿ ಕೊಟ್ಟರು.

ಆ ಥಿಯೇಟರ್ ಇದ್ದಲ್ಲಿ ಈಗ ಬಟ್ಟೆ ಅಂಗಡಿ ಇದೆ. ಅಪ್ಪಯ್ಯ ಹೋಗಿಯೂ ಕೆಲವು ವರ್ಷಗಳಾದವು. ಸುದ್ದಿ ಬಂದಾಗ ನಾನು ಬ್ರಹ್ಮಾವರದಲ್ಲಿ ನನ್ನ ಮನೆಯಲ್ಲಿದ್ದೆ. ತಲ್ಲೂರಿಗೆ ಬಂದು ನೋಡಿದರೆ ಚಾವಡಿಯಲ್ಲಿ ಅಂಗಾತ ಮಲಗಿಸಿದ್ದರು, ಮುಖದ ಮೇಲೆ ಬಿಳಿ ಬಟ್ಟೆ. ಯಾರ ಮಾತೂ ಕೇಳದೆ ಹೋಗಿ ಬಟ್ಟೆ ಸರಿಸಿದೆ, ವಂಡ್ಸೆಯಲ್ಲಿ ಎಳೆದ ಹಾಗೆಯೇ. ಅಪ್ಪಯ್ಯ ಏನೂ ಕೇಳಲಿಲ್ಲ.

ನನ್ನ ಮಗಳಿಗೆ ಈಗ ಆಗಿನ ನನ್ನ ವಯಸ್ಸು. ಮೊದಲ ಸಿನಿಮಾ ಯಾವುದೆಂದು ಅವಳಿಗೆ ನೆನಪೇ ಇರಲಾರದು, ನಡೆಯಲು ಕಲಿಯುವ ಮೊದಲೇ ನನ್ನ ಮಡಿಲಲ್ಲಿ ಮೊಬೈಲಿನಲ್ಲಿ ನೋಡಿದವಳು. ಮೊನ್ನೆ ಯಾರೋ ಆ ಹಳೆಯ ಸಿನಿಮಾವನ್ನು ಕಳಿಸಿದರು. ಅಜ್ಜ ಬರುವ ಜಾಗವನ್ನು ಮಗಳಿಗೆ ತೋರಿಸಿದೆ. ಚೂರಿ ಬಿತ್ತು, ಅಪ್ಪಯ್ಯ ಹೊಯ್ಗೆಯ ಮೇಲೆ ಮಗುಚಿಕೊಂಡರು. ನನಗೆ ಇಷ್ಟು ವಯಸ್ಸಾದರೂ ಎದೆ ಧಸಕ್ಕೆಂದಿತು. ಮಗಳು ಹೆದರಲಿಲ್ಲ. ಬೆರಳಿಟ್ಟು ಹಿಂದಕ್ಕೆ ಎಳೆದಳು. ತೆರೆ ವಾಪಸ್ಸು ಕಡಲಿಗೆ ಹೋಯಿತು, ಅಂಗಿ ಬಿಳಿಯಾಯಿತು, ಅಪ್ಪಯ್ಯ ಎದ್ದು ನಿಂತರು.

"ಅಮ್ಮಾ, ಅಜ್ಜ ಎದ್ರ್ ಕಾಣ್!"

ಬೆರಳು ತೆಗೆದ ಕೂಡಲೇ ಮತ್ತೆ ಬಿದ್ದರು. ಅವಳು ಮತ್ತೆ ಎಬ್ಬಿಸಿದಳು, ಅವರು ಮತ್ತೆ ಬಿದ್ದರು. ಎದ್ದದ್ದೆಲ್ಲ ಪುನಃ ಚೂರಿ ಹಾಕಿಸಿಕೊಳ್ಳಲಿಕ್ಕೇ, ಒಂದು ಸಲವೂ ಆಚೆಗೆ ನಡೆದು ಹೋಗಲಿಲ್ಲ.

"ಸಾಕ್ ಬಿಡ್ ಮಗಾ, ಅವ್ರ್ ಬಿದ್ಕಂಡಿರ್ಲಿ" ಎಂದು ಮೊಬೈಲ್ ಕಸಿದುಕೊಂಡೆ. ಅವಳಿಗೆ ನಾನು ಸಿಟ್ಟಾದದ್ದೇಕೆಂದು ತಿಳಿಯಲಿಲ್ಲ. ನನಗಿದ್ದದ್ದು ಸಿಟ್ಟಲ್ಲ, ಆವತ್ತು ಆ ಗೋಡೆಯೆದುರು ನಿಂತಾಗ ಆದ ದಿಗಿಲೇ. ಆದರೆ ಆವತ್ತು ವಂಡ್ಸೆಗೆ ಬಸ್ಸಿತ್ತು.