ಕಲಿಯುವವರ ಬೈಕಿಗೆ ನಾನು ಕಟ್ಟಿದ ಬೆಲೆ

ಹೋದ ತಿಂಗಳು ಒಬ್ಬ ಹುಡುಗಿ ನನಗೆ ಫೋನ್ ಮಾಡಿ ಕ್ಷಮೆ ಕೇಳಿದಳು.

"ಅಂಕಲ್, ಸಾರಿ. ನಿಮ್ಮ ಬೈಕ್ ಬೀಳಿಸಿಬಿಟ್ಟೆ" ಎಂದಳು. ಬಿದ್ದದ್ದು ಬೈಕ್ ಮಾತ್ರವಲ್ಲ, ಅವಳೂ ಬಿದ್ದಿದ್ದಳು. ಎಡಭುಜದ ಮೂಳೆ ಬಿರುಕು ಬಿಟ್ಟು, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದಳು. ಅಂಥ ಸ್ಥಿತಿಯಲ್ಲಿ ಅವಳು ಫೋನ್ ಮಾಡಿದ್ದು ನನ್ನನ್ನು ಬೈಯಲು ಅಲ್ಲ, ಕ್ಷಮೆ ಕೇಳಲು.

ಕೇಳಬೇಕಾದವನು ನಾನು. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಈ ವಾರ ಅದನ್ನೇ ಬರೆಯುತ್ತಿದ್ದೇನೆ. ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುವ ಓದುಗರು (ಇದ್ದರೆ) ಈಗಲೇ ಪುಟ ತಿರುಗಿಸಿಬಿಡಬಹುದು.

ಬೈಕ್ ನನ್ನ ಮಗಳು ಕಾವ್ಯಳದು. ಆರ್‌ಸಿ ನನ್ನ ಹೆಸರಿನಲ್ಲಿತ್ತು, ಓಡಿಸುತ್ತಿದ್ದವಳು ಅವಳು. ನೂರೈವತ್ತು ಸಿಸಿಯ, ಹಗುರವಾದ, ಹೊಸದಾಗಿ ಕಲಿಯುವವರಿಗೆಂದೇ ಮಾಡಿದಂಥ ಗಾಡಿ. ದಿಲ್ಲಿಯ ಲೋಧಿ ಕಾಲೋನಿಯಲ್ಲಿರುವ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ಅವಳು ಕ್ಲಚ್ ಬಿಡುವುದನ್ನು ಕಲಿತಳು. ಗಾಡಿ ಜಿಗಿದು ಜಿಗಿದು ನಿಲ್ಲುತ್ತಿದ್ದರೆ ನಾನು ಹಿಂದೆ ಓಡುತ್ತಿದ್ದೆ. (ನನಗೆ ಇವತ್ತಿಗೂ ಬೈಕ್ ಬರುವುದಿಲ್ಲ. ಆದರೂ ಹಿಂದೆ ಓಡುತ್ತಾ ಸಲಹೆ ಕೊಡುತ್ತಿದ್ದೆ. ಅಪ್ಪಂದಿರ ಕೆಲಸವೇ ಅದಲ್ಲವೇ?)

ಒಂದು ದಿನ ಸರೋಜಿನಿ ನಗರದ ಮಾರ್ಕೆಟ್ ಹತ್ತಿರ ಮುಂದಿದ್ದ ಆಟೋ ತಟ್ಟನೆ ನಿಂತಿತು. ಕಾವ್ಯ ಹೋಗಿ ಅದರ ಹಿಂಭಾಗಕ್ಕೆ ಗುದ್ದಿದಳು. ಮೊಣಕೈ ತರಚಿತು, ಅಷ್ಟೆ. ಬೈಕಿಗೆ ಪೆಟ್ಟು ಹೆಚ್ಚಾಗಿತ್ತು. ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕೊಳವೆಗಳಿರುತ್ತವಲ್ಲ, ಫೋರ್ಕ್ ಅನ್ನುತ್ತಾರೆ, ಅದರಲ್ಲಿ ಒಂದು ಬಾಗಿತ್ತು.

ಕೋಟ್ಲಾದ ಮೆಕ್ಯಾನಿಕ್ ಹೊಸದು ಹಾಕಿಸಿ ಎಂದ. ನಾನು ಬೆಲೆ ಕೇಳಿ, "ಇದನ್ನೇ ನೇರ ಮಾಡೋಕೆ ಆಗಲ್ವಾ ಭಯ್ಯಾ?" ಎಂದೆ. "ಕರ್ ದೂಂಗಾ ಸರ್. ಲೇಕಿನ್ ನಯೇ ಜೈಸಾ ನಹೀಂ ಹೋಗಾ." ಮಾಡಿಕೊಡುತ್ತೇನೆ, ಆದರೆ ಹೊಸದರ ಹಾಗೆ ಆಗುವುದಿಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿದ್ದ. ಹಾಗೇ ಆಯಿತು. ನಿಧಾನವಾಗಿ ಹೋದರೆ ಏನೂ ಗೊತ್ತಾಗುತ್ತಿರಲಿಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಮಾತ್ರ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಕಾವ್ಯ ಅದಕ್ಕೆ ಒಗ್ಗಿಕೊಂಡಳು.

ಈ ವರ್ಷ ಅವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬೈಕ್ ಮಾರುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ಹಳೆಯ ಗಾಡಿಗೆ ಬೆಲೆ ಕಟ್ಟುವುದು ಹೇಗೆ? ನಾನು ಶಿಸ್ತಿನ ಮನುಷ್ಯ. ಅದೇ ಮಾಡೆಲ್, ಅದೇ ವರ್ಷದ ಗಾಡಿಗಳ ಜಾಹೀರಾತುಗಳನ್ನೆಲ್ಲ ನೋಡಿದೆ. ಗುರುಗ್ರಾಮದಲ್ಲಿ ಎಷ್ಟು, ನೋಯ್ಡಾದಲ್ಲಿ ಎಷ್ಟು, ಎಷ್ಟು ಕಿಲೋಮೀಟರಿಗೆ ಎಷ್ಟು ಇಳಿಯುತ್ತದೆ, ಹೊಸ ಟೈರಿದ್ದರೆ ಎಷ್ಟು ಏರುತ್ತದೆ. ಕೊನೆಗೆ ಐವತ್ತೆಂಟು ಸಾವಿರ ಎಂದು ನಿಶ್ಚಯಿಸಿ ನಾನೂ ಆನ್‌ಲೈನಿನಲ್ಲಿ ಒಂದು ಜಾಹೀರಾತು ಹಾಕಿದೆ. ಕೇಳಿದವರಿಗೆಲ್ಲ "ಫೇರ್ ಪ್ರೈಸ್" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ.

ಕಾವ್ಯ ಫೋನಿನಲ್ಲಿ ಕೇಳಿದಳು, "ಅಪ್ಪಾ, ಆಕ್ಸಿಡೆಂಟ್ ಆಗಿದ್ದು ಬರೆದಿದ್ದೀಯಾ ನಾ?"

"ರಿಪೇರಿ ಆಗಿದೆಯಲ್ಲ. ಕೇಳಿದರೆ ಹೇಳೋಣ."

"ನಹೀಂ ಅಪ್ಪಾ, ದಟ್ಸ್ ನಾಟ್ ಫೇರ್. ಬರೆದುಬಿಡು, ಬೆಲೆ ಕಮ್ಮಿ ಮಾಡು."

"ಅಚ್ಛಾ, ನೋಡ್ತೀನಿ" ಎಂದೆ. ನೋಡಲಿಲ್ಲ.

ಮೊದಲು ಬಂದವರು ನನ್ನ ವಯಸ್ಸಿನವರೇ, ಮಗನಿಗೆ ಮೊದಲ ಬೈಕ್ ಹುಡುಕುತ್ತಿದ್ದರು. ಹಿಂದಿ ಮಾತಾಡುವವರು. ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಕಣ್ಣು ಮುಚ್ಚಿ ನೋಡಿದರು. ಎರಡೂ ಕೊಳವೆಗಳ ಮೇಲೆ ಬೆರಳಾಡಿಸಿದರು. ಎದ್ದು ಮೊಣಕಾಲಿನ ದೂಳು ಕೊಡವಿಕೊಂಡು, ಇದು ಬಿದ್ದ ಗಾಡಿ, ನಲವತ್ತು ಕೊಡುತ್ತೇನೆ, ಫೋರ್ಕ್ ನಾನೇ ಬದಲಾಯಿಸಿಕೊಳ್ಳುತ್ತೇನೆ ಎಂದರು.

ನನಗೆ ಸಿಟ್ಟು ಬಂತು. ಯಾಕೆ ಬಂತು? ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾಲೋನಿಯಲ್ಲಿ ಇಷ್ಟು ವರ್ಷದಿಂದ ಮರ್ಯಾದಸ್ಥ ಎನಿಸಿಕೊಂಡು ಬದುಕಿದವನ ಮನೆ ಮುಂದೆ ನಿಂತು ಹಾಗೆ ಹೇಳಿದರಲ್ಲ, ಅದಕ್ಕೆ ಬಂತು. ಬೆಲೆ ಇಳಿಸುವ ಪ್ರಶ್ನೆಯೇ ಇಲ್ಲ ಎಂದೆ. ಅವರು ಜಗಳವಾಡಲಿಲ್ಲ. "ಬಚ್ಚೋಂ ಕೋ ಚಲಾನೀ ಹೈ, ಭಾಯಿ ಸಾಬ್" ಎಂದಷ್ಟೇ ಹೇಳಿ ಹೊರಟರು. ಓಡಿಸುವವರು ಮಕ್ಕಳು.

ಮಾರನೆಯ ದಿನ ನಾನು ಆ ಜಾಹೀರಾತನ್ನು ತೆಗೆದೆ. ದಿಲ್ಲಿಯ ಕನ್ನಡಿಗರ ಒಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ನಮ್ಮವರಿಗೇ ಸಿಗಲಿ ಎಂದು ಹೆಂಡತಿ ಸುಮಿತ್ರಾಗೆ ಹೇಳಿದೆ. ನನಗೂ ಹಾಗೆಯೇ ಹೇಳಿಕೊಂಡೆ. ಇವತ್ತು ಯೋಚಿಸಿದರೆ ನಿಜವಾದ ಕಾರಣ ಬೇರೆ. ನಮ್ಮವರು ಕುಕ್ಕರಗಾಲಲ್ಲಿ ಕೂತು ನೋಡುವುದಿಲ್ಲ.

ಬಂದವಳು ಶಾಹೀನ್. ಚಿತ್ರದುರ್ಗದ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಓಖ್ಲಾದಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ, ಕಾಲ್ಕಾಜಿಯಲ್ಲಿ ಬಾಡಿಗೆ ರೂಮು. ಬಾಗಿಲು ತೆರೆದು "ಬಾಮ್ಮಾ" ಎಂದದ್ದೇ ತಡ, ಮುಖ ಅರಳಿತು. "ಬೆಳಿಗ್ಗೆಯಿಂದ ಇದೇ ಮೊದಲನೇ ಕನ್ನಡ ಅಂಕಲ್" ಎಂದಳು. ಸುಮಿತ್ರಾ ಅವಲಕ್ಕಿ ಕೊಟ್ಟಳು, ಕಾಫಿ ಕೊಟ್ಟಳು. ಶಾಹೀನ್ ಮೂರು ಭಾನುವಾರ ಡ್ರೈವಿಂಗ್ ಸ್ಕೂಲಿಗೆ ಹೋಗಿ ಬೈಕ್ ಕಲಿತಿದ್ದಳು. ಸ್ಕೂಟಿ ಯಾಕಲ್ಲ ಎಂದು ಸುಮಿತ್ರಾ ಕೇಳಿದಳು.

"ಮನೇಲಿ ಅಣ್ಣಂದಿರು ಬೈಕ್ ಮುಟ್ಟೋಕೂ ಬಿಡ್ತಿರಲಿಲ್ಲ ಆಂಟಿ. ನಿನ್ನ ಕೈಲಿ ಆಗಲ್ಲ ಅಂತಿದ್ರು. ಅದಕ್ಕೇ ಗೇರ್ ಇರೋದೇ ಬೇಕು."

ಕೆಳಗೆ ಹೋಗಿ ಗಾಡಿ ನೋಡಿದಳು. ಏನು ನೋಡಿದಳು? ಬಣ್ಣ ನೋಡಿದಳು. ಹಾರ್ನ್ ಒತ್ತಿದಳು. ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ತಾಗುತ್ತವೆಯೇ ಎಂದು ನೋಡಿಕೊಂಡಳು. ನಮ್ಮ ಓಣಿಯಲ್ಲೇ ನಿಧಾನವಾಗಿ ಒಂದು ಸುತ್ತು ಹೋಗಿ ಬಂದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಂಕಲ್, ನಾನಿನ್ನೂ ಹೊಸಬಳು. ಇದು ನನಗೆ ಸರಿಹೋಗುತ್ತಾ?"

ನಾನು ಹೇಳಿದೆ, "ನನ್ನ ಮಗಳು ಕಲಿತಿದ್ದೂ ಇದರಲ್ಲೇ ಅಮ್ಮ."

ಆ ಮಾತು ನೂರಕ್ಕೆ ನೂರು ನಿಜ. ನನ್ನ ಜೀವನದಲ್ಲಿ ನಾನು ಹೇಳಿದ ಅತ್ಯಂತ ದೊಡ್ಡ ಸುಳ್ಳೂ ಅದೇ.

ಅವಳು ಚೌಕಾಸಿ ಮಾಡಲಿಲ್ಲ. "ನೀವು ನಮ್ಮವರು, ನೀವು ಹೇಳಿದ್ದೇ ಬೆಲೆ" ಎಂದು ಅಲ್ಲೇ ನಿಂತು ಐವತ್ತೆಂಟು ಸಾವಿರ ಕಳಿಸಿದಳು. ಆರ್‌ಸಿ ವರ್ಗಾವಣೆಯ ಕಾಗದಗಳಿಗೆ ಸಹಿ ಹಾಕಿದೆವು. ಸುಮಿತ್ರಾ ಹ್ಯಾಂಡಲಿಗೆ ಕುಂಕುಮ ಹಚ್ಚಲು ಹೋಗಿ, ಶಾಹೀನಳ ಮುಖ ನೋಡಿ ಅನುಮಾನಿಸಿ ನಿಂತಳು. "ಹಚ್ಚಿ ಆಂಟಿ, ಪರವಾಗಿಲ್ಲ" ಎಂದು ನಕ್ಕಳು ಹುಡುಗಿ. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಾವಿಬ್ಬರೂ ಕೈ ಬೀಸುತ್ತಾ ನಿಂತಿದ್ದೆವು.

ಮೂರು ವಾರದ ನಂತರ ಆ ಫೋನ್ ಬಂತು.

ಆಫೀಸಿಗೆ ಹೋಗುವಾಗ ನಾಯಿಯೊಂದು ಅಡ್ಡ ಬಂದಿತ್ತಂತೆ. ಬ್ರೇಕ್ ಹಾಕಿದಳಂತೆ. "ಗಾಡಿ ಎಡಕ್ಕೆ ಹೋಯ್ತು ಅಂಕಲ್, ನಾನೇ ಹ್ಯಾಂಡಲ್ ಸರಿಯಾಗಿ ಹಿಡ್ಕೊಂಡಿರಲಿಲ್ಲ ಅನ್ಸುತ್ತೆ. ನಿಮ್ಮ ಮಗಳು ಇದರಲ್ಲೇ ಆರಾಮಾಗಿ ಕಲಿತ್ರು. ನನ್ನ ಕೈಲೇ ಆಗಲ್ಲ. ಆರ್‌ಸಿ ಇನ್ನೂ ನಿಮ್ಮ ಹೆಸರಲ್ಲೇ ಇದೆಯಲ್ಲ, ಅದಕ್ಕೇ ಹೇಳೋಣ ಅಂತ."

ಹೇಳಬೇಕಾದದ್ದನ್ನು ನಾನು ಅದೇ ಕ್ಷಣ ಹೇಳಬಹುದಿತ್ತು. "ಹುಷಾರಾಗಿರಮ್ಮ, ರೆಸ್ಟ್ ತಗೋ" ಎಂದೆ. ಫೋನ್ ಇಟ್ಟೆ.

ಐದು ದಿನ ಸುಮ್ಮನಿದ್ದೆ. ಆಫೀಸಿಗೆ ಹೋದೆ, ಬಂದೆ. ಲೋಧಿ ಗಾರ್ಡನ್ನಿನಲ್ಲಿ ವಾಕ್ ಮಾಡಿದೆ. ಯಾರು ಬೇಕಾದರೂ ಬೀಳಬಹುದು, ನಾಯಿ ಅಡ್ಡ ಬಂದರೆ ಎಂಥವರೂ ಬೀಳುತ್ತಾರೆ ಎಂದು ಲೆಕ್ಕವಿಲ್ಲದಷ್ಟು ಸಲ ಹೇಳಿಕೊಂಡೆ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಸುಮಿತ್ರಾ ಒಂದು ಬೆಳಿಗ್ಗೆ ತಟ್ಟೆಯ ಮುಂದೆ ಕೂರಿಸಿ ಬಾಯಿ ಬಿಡಿಸಿದಳು. ಎಲ್ಲ ಕೇಳಿ, ಬೈಯಲಿಲ್ಲ.

"ಫೋನಲ್ಲಿ ಹೇಳ್ಬೇಡಿ ರೀ. ಹೋಗಿ, ಅವಳ ಮುಖ ನೋಡಿ ಹೇಳಿ" ಎಂದಳು.

ಹೋದೆ. ಕಾಲ್ಕಾಜಿಯ ಮೂರನೇ ಮಹಡಿಯ ರೂಮು. ಶಾಹೀನ್ ಒಂದೇ ಕೈಯಲ್ಲಿ ಕುರ್ಚಿ ಎಳೆಯಲು ಬಂದಳು, ನಾನೇ ಎಳೆದುಕೊಂಡೆ. ಹೆಲ್ಮೆಟ್ ಮೂಲೆಯಲ್ಲಿತ್ತು, ಒಂದು ಕಡೆ ಪೂರ್ತಿ ಉಜ್ಜಿಹೋಗಿತ್ತು. ಆ ಉಜ್ಜಿದ ಜಾಗವನ್ನು ನೋಡುತ್ತಲೇ ಹೇಳಿದೆ. ಸರೋಜಿನಿ ನಗರ, ಆಟೋ, ಬಾಗಿದ ಫೋರ್ಕ್, ಕೋಟ್ಲಾದ ಮೆಕ್ಯಾನಿಕ್, ಎಡಕ್ಕೆ ಎಳೆಯುವುದು, ನನಗೆ ಅದೆಲ್ಲ ಮೊದಲೇ ಗೊತ್ತಿದ್ದದ್ದು. ಒಂದನ್ನೂ ಬಿಡಲಿಲ್ಲ.

ಅವಳೂ ಆ ಹೆಲ್ಮೆಟ್ಟಿನ ಕಡೆ ನೋಡಿದಳು.

"ಅಂದ್ರೆ..." ಎಂದಳು, "ತಪ್ಪು ನನ್ನದಲ್ವಾ?"

"ಅಲ್ಲಮ್ಮ."

ಅವಳ ಕಣ್ಣು ತುಂಬಿತು. ಅದು ದುಃಖವಲ್ಲ ಎಂದು ನನಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. "ಮೊನ್ನೆ ಅಣ್ಣನಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ, ನನ್ನ ಕೈಲಿ ಆಗಲ್ಲ ಅಂದೆ ಅಂಕಲ್. ಅವನು ನಕ್ಕ." ಒರಗಿದ್ದ ದಿಂಬಿನಿಂದ ಎದ್ದು ನೆಟ್ಟಗೆ ಕೂತಳು. "ಯಾಕೆ ಹೇಳಲಿಲ್ಲ ನೀವು?"

ನೀನು ಕೇಳಲಿಲ್ಲವಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ನಾಚಿಕೆಯಿಲ್ಲದ ಮಾತು. ನುಂಗಿದೆ. ಆದರೆ ಅವಳಿಗೆ ಹೇಗೋ ಕೇಳಿಸಿತೇನೋ.

"ಏನು ಕೇಳಬೇಕು ಅಂತ ಗೊತ್ತಿದ್ದಿದ್ರೆ ನಾನು ಹೊಸಬಳು ಹೇಗಾಗ್ತಿದ್ದೆ ಅಂಕಲ್?"

 

ಪೂರ್ತಿ ಹಣ ವಾಪಸ್ ಕೊಟ್ಟೆ. ತೆಗೆದುಕೊಂಡಳು. ಆಸ್ಪತ್ರೆಯ ಖರ್ಚು ಕೊಡುತ್ತೇನೆಂದೆ, ಬೇಡ, ಆಫೀಸಿನ ಇನ್ಶೂರೆನ್ಸ್ ಇದೆ ಎಂದಳು. ಆಮೇಲೆ ಬೈಕಿನ ಕೀಲಿಯನ್ನು ಮೇಜಿನ ಮೇಲಿಟ್ಟು, "ಠೀಕ್ ಹೈ ಅಂಕಲ್. ಗಾಡಿ ನೀಚೇ ಖಡೀ ಹೈ, ಲೇ ಜಾಯಿಯೇ" ಎಂದಳು.

ಗಾಡಿ ಕೆಳಗಿದೆ, ಒಯ್ಯಿರಿ. ಅಷ್ಟೇ. ಹಿಂದಿಯಲ್ಲಿ. ಬೀದಿಯಲ್ಲಿ ಆಟೋದವನಿಗೆ ಹೇಳುವ ಹಾಗೆ. ದಿಲ್ಲಿಗೆ ಬಂದ ಇಷ್ಟು ವರ್ಷಗಳಲ್ಲಿ ಹಿಂದಿ ನನಗೆ ಅಷ್ಟು ಪರಕೀಯವಾಗಿ ಕೇಳಿಸಿದ್ದು ಅದೇ ಮೊದಲು.

ಓಡಿಸಲು ಬಾರದ ನಾನು ಆ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ.

ಹೊಸ ವಾಹನ ಕೊಳ್ಳುವವರು ಕಂಪನಿಯನ್ನು ನಂಬುತ್ತಾರೆ. ಹಳೆಯದು ಕೊಳ್ಳುವ ಅನುಭವಸ್ಥರು ತಮ್ಮ ಕಣ್ಣನ್ನು ನಂಬುತ್ತಾರೆ. ಮೊದಲ ಸಲ ಕೊಳ್ಳುವವರ ಹತ್ತಿರ ಎರಡೂ ಇರುವುದಿಲ್ಲ. ಅವರು ನಂಬುವುದು ಮಾರುವವನ ಮುಖವನ್ನು. ಕಲಿಯುವವರ ಬೈಕಿಗೆ ಬೆಲೆ ಕಟ್ಟುವಾಗ ನಾನು ಟೈರು ನೋಡಿದೆ, ಕಿಲೋಮೀಟರು ನೋಡಿದೆ, ನೋಯ್ಡಾ ನೋಡಿದೆ. ಅವಳು ಮುಖ ನೋಡಿಯೇ ಹಣ ಕೊಟ್ಟಳು. ಅವಳು ತಪ್ಪಿದ್ದು ಅಲ್ಲಿ ಮಾತ್ರ.

ಮನೆ ಬಾಡಿಗೆಗೆ ಕೊಡುವಾಗ ಮಳೆಗಾಲದಲ್ಲಿ ಸೋರುವ ಗೋಡೆಯ ಬಗ್ಗೆ ನಾವು ಹೇಳುತ್ತೇವೆಯೇ? ಸಂಬಂಧ ನೋಡಲು ಬಂದವರಿಗೆ ಹುಡುಗನ ಕೋಪದ ಬಗ್ಗೆ? ಹೊಸದಾಗಿ ಸೇರಿದ ಸಹೋದ್ಯೋಗಿಗೆ ಬಾಸ್ ಎಂಥವನೆಂದು? ಕೇಳಿದರೆ ಹೇಳುತ್ತೇವೆ. ಕೇಳದಿದ್ದರೆ ಅದು ಅವರ ತಪ್ಪು. ಎಷ್ಟು ಅನುಕೂಲವಾದ ನ್ಯಾಯ!

ಬೈಕಿಗೆ ಹೊಸ ಫೋರ್ಕ್ ಹಾಕಿಸಿದೆ. ಜಾಹೀರಾತಿನ ಮೊದಲ ಸಾಲಿನಲ್ಲೇ "ಎರಡು ಸಲ ಬಿದ್ದಿದೆ" ಎಂದು ಬರೆದೆ. ತುಂಬ ಜನ ಬರಲಿಲ್ಲ. ಬಂದವರೊಬ್ಬರು ನೋಡಿ, ಕೇಳಿ, ಓಡಿಸಿ, ಮೂವತ್ತಾರಕ್ಕೆ ಒಯ್ದರು. ಕಾವ್ಯಳಿಗೆ ಎಲ್ಲ ಹೇಳಿದೆ. ಎರಡು ದಿನ ಅವಳು ನನ್ನ ಫೋನ್ ತೆಗೆಯಲಿಲ್ಲ. ಮೂರನೆಯ ದಿನ ತೆಗೆದು, "ಶೀ ಈಸ್ ಓಕೆ ನಾ?" ಎಂದಷ್ಟೇ ಕೇಳಿದಳು.

ಕಳೆದ ಭಾನುವಾರ ಶಾಹೀನಳಿಂದ ಮೆಸೇಜ್ ಬಂತು. ಕೈ ವಾಸಿಯಾಗಿದೆಯಂತೆ. "ಇವತ್ತು ಇನ್ನೊಂದು ಸೆಕೆಂಡ್ ಹ್ಯಾಂಡ್ ಬೈಕ್ ನೋಡೋಕೆ ಹೋಗ್ತಿದ್ದೀನಿ. ಮಾರೋರು ಏನೇನು ಮುಚ್ಚಿಡ್ತಾರೆ ಅಂತ ನಿಮಗೆ ಗೊತ್ತಿರುತ್ತಲ್ಲ ಅಂಕಲ್, ಏನೇನು ಕೇಳಬೇಕು ಅಂತ ಬರೆದು ಕಳಿಸ್ತೀರಾ?"

ಹನ್ನೊಂದು ಪ್ರಶ್ನೆ ಬರೆದು ಕಳಿಸಿದೆ, ಒಂದಕ್ಕೂ ಯೋಚಿಸಬೇಕಾಗಲಿಲ್ಲ.